ನೈದಿಲೆ ಎಲೆ ಬಿಚ್ಚೋಕೆ ಜಾಗ ಬೇಕು

ನೈದಿಲೆ ಎಲೆ ಕೆರೆ ತಳದಿಂದ ಮೇಲೆ ಬರೋವಾಗ ಎರಡೂ ಕಡೆಯಿಂದ ಸುರುಳಿ ಸುತ್ಕೊಂಡು ಬರತ್ತೆ. ಕೆಳಗೆ ಕೆಸರಲ್ಲಿ ಗೆಡ್ಡೆ, ಅಲ್ಲಿಂದ ಒಂದು ಉದ್ದ ತೊಟ್ಟು, ನೀರು ಎಷ್ಟು ಆಳ ಇದ್ಯೋ ಅಷ್ಟುದ್ದ ಬೆಳೆದು, ಮೇಲೆ ಮುಟ್ಟಿದ್ಮೇಲೆ ಸುರುಳಿ ಬಿಚ್ಚಿ ಎಲೆ ನೀರಿನ ಮೇಲೆ ಚಪ್ಪಟೆಯಾಗಿ ಮಲಗತ್ತೆ. ಅಲ್ಲೀತನಕ ಗಿಡ ಖರ್ಚು ಮಾಡೋದೆಲ್ಲ ಹಿಂದಿನ ವರ್ಷ ಗೆಡ್ಡೇಲಿ ಕೂಡಿಟ್ಟ ಪಿಷ್ಟ. ಎಲೆ ಬಿಚ್ಚಿ ಬಿಸಿಲು ಬಿದ್ಮೇಲೆನೇ ಗಳಿಕೆ ಶುರು. ಈಗ ಆ ಎಲೆ ಮೇಲೆ ಬರೋ ಹೊತ್ತಿಗೆ ಅಲ್ಲಿ ಅಂಗೈ ಅಗಲ ಜಾಗನೂ ಖಾಲಿ ಇಲ್ಲ ಅಂದ್ಕೊಳ್ಳಿ, ದಪ್ಪಗೆ ಒತ್ತೊತ್ತಾಗಿ ಇನ್ನೊಂದು ಗಿಡ ಕೂತಿದೆ, ಸುರುಳಿ ಬಿಚ್ಚೋಕಾಗದೆ ಎಲೆ ಕೆಳಗೇ ಕೊಳೆಯತ್ತೆ, ಗಿಡ ಮತ್ತೊಂದು ಎಲೆ ಕಳಿಸತ್ತೆ, ಅದೂ ಕೊಳೆಯತ್ತೆ. ಗೆಡ್ಡೇಲಿ ಇದ್ದ ಗಂಟು ಕರಗ್ತಾ ಹೋಗತ್ತೆ. ಒಂದು ವರ್ಷ ತಡೀತು, ಎರಡು ವರ್ಷ ತಡೀತು, ಆಮೇಲೆ ಮಳೆಗಾಲ ಬಂದ್ರೂ ಕೆಸರಿಂದ ಎಂತೂ ಮೇಲೆ ಬರಲ್ಲ.

ನಮ್ಮೂರು ಶಿರಸಿಯಿಂದ ಬನವಾಸಿ ಕಡೆ ಹೋಗೋವಾಗ ಒಳಗೆ ಸಿಗತ್ತೆ, ಹೆಸರು ಬೇಡ, ಯಾಕಂದ್ರೆ ನಾನು ಹೇಳ್ತಿರೋದು ನಮ್ಮ ಒಂದು ಕೆರೆ ಕಥೆ ಅಲ್ಲ. ಘಟ್ಟದ ಮೇಲೆ ಊರಿಗೊಂದು ಕೆರೆ, ಕೆಲವು ಊರಿಗೆ ಎರಡು ಮೂರು, ತೋಟದ ತಲೆಮೇಲೆ ಒಂದು, ಗದ್ದೆ ಬಯಲಿಗೆ ಒಂದು. ಅದರಲ್ಲಿ ಎಷ್ಟೋ ಕೆರೆಗಳಲ್ಲಿ ಈಗ ನೀರೇ ಕಾಣಲ್ಲ. ದೂರದಿಂದ ನೋಡಿದ್ರೆ ಗದ್ದೆ ಸಸಿ ಮಡಿ ಅನ್ಸತ್ತೆ, ಅಷ್ಟು ಸಮ, ಅಷ್ಟು ಹಸಿರು. ಊರಲ್ಲಿ ಅದಕ್ಕೆ ಪಾಚಿ ಅಂತಾರೆ, ಕಳೆ ಅಂತಾರೆ. ಪಾಚಿ ಅಲ್ಲ, ಅದೊಂದು ಜರಿಗಿಡ, ಸಾಲ್ವೀನಿಯಾ ಮೊಲೆಸ್ಟಾ, ಕೇರಳದವರು ಆಫ್ರಿಕನ್ ಪಾಯಲ್ ಅನ್ನೋದು ಇದಕ್ಕೇ. ಆದ್ರೆ ಅದರ ತವರು ಆಫ್ರಿಕಾ ಅಲ್ಲ, ಬ್ರೆಜಿಲ್‌ನ ಆಗ್ನೇಯ ಭಾಗ. ನೇರಳೆ ಹೂವು ಬಿಡೋ ಅಂತರಗಂಗೆ, ವಾಟರ್ ಹಯಸಿಂತ್, ಅದೂ ದಕ್ಷಿಣ ಅಮೆರಿಕದ್ದೇ, ಅದ್ರ ಬಗ್ಗೆ ಎಲ್ರಿಗೂ ಗೊತ್ತು. ಈ ಜರಿಗಿಡ ಹೂವು ಬಿಡಲ್ಲ, ಅದಕ್ಕೇ ಇರಬೇಕು ಯಾರ ಕಣ್ಣಿಗೂ ಬೇಗ ಬೀಳಲ್ಲ.

ಕೈಲಿ ಹಿಡಿದು ನೋಡಿದ್ರೆ ಅದರ ಕಟ್ಟು ತುಂಬಾ ಸರಳ. ಗೆಣ್ಣಿಗೆ ಮೂರು ಎಲೆ. ಎರಡು ನೀರಿನ ಮೇಲೆ ತೇಲ್ತವೆ, ಮೂರನೇದು ನೀರೊಳಗೆ ಕಂದು ಬಣ್ಣದ ನೂಲು ನೂಲಾಗಿ ಇಳೀತದೆ, ನೋಡಿದವರೆಲ್ಲ ಅದನ್ನ ಬೇರು ಅಂದ್ಕೊಳ್ತಾರೆ ಆದ್ರೆ ಈ ಗಿಡಕ್ಕೆ ಬೇರೇ ಇಲ್ಲ, ಅದು ಎಲೇನೇ ಬೇರಿನ ಕೆಲಸ ಮಾಡೋದು. ಮೇಲಿನ ಎಲೆ ಮೇಲೆಲ್ಲ ಸಣ್ಣ ಸಣ್ಣ ರೋಮ, ಒಂದೊಂದು ರೋಮವೂ ನಾಲ್ಕು ಎಳೆಯಾಗಿ ಒಡೆದು ತುದೀಲಿ ಮತ್ತೆ ಕೂಡ್ಕೊಂಡಿರತ್ತೆ, ಆ ಸಂದೀಲಿ ಗಾಳಿ ಸಿಕ್ಕಿ ಹಾಕ್ಕೊಂಡು ನೀರು ಎಲೆಗೆ ಅಂಟೋದೇ ಇಲ್ಲ. ನೀರೊಳಗೆ ಅದುಮಿ ಬಿಟ್ರೆ ಎಲೆ ಒದ್ದೆಯಾಗದೇ ಮೇಲೆ ಬರತ್ತೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಇದನ್ನೇ ಹಿಡ್ಕೊಂಡು ಹಡಗಿನ ತಳಕ್ಕೆ ಗಾಳಿ ಪದರ ನಿಲ್ಲಿಸೋ ಲೇಪ ಮಾಡ್ಬಹುದಾ ಅಂತ ಕೆಲಸ ಮಾಡಿದ್ದಾರೆ. ನಮ್ಮೂರಿನ ಜೋರು ಮಳೆ ಎಷ್ಟು ಹೊಡೆದ್ರೂ ಈ ಗಿಡ ಮುಳುಗಲ್ಲ ಅನ್ನೋದು ಇಲ್ಲಿ ಮುಖ್ಯ.

ಬೀಜ ಇಲ್ಲ. ಜರಿಗಿಡ ಆದ್ರಿಂದ ಬೀಜಾಣು ಇರಬೇಕಿತ್ತು, ಚೀಲ ಏನೋ ಬಿಡತ್ತೆ, ಒಳಗೆ ಬದುಕೋ ಬೀಜಾಣು ಇರಲ್ಲ, ಯಾಕಂದ್ರೆ ಇದರಲ್ಲಿ ವರ್ಣತಂತುಗಳ ಕಂತೆ ಎರಡರ ಬದಲು ಐದು, ಸಂತಾನ ಶಕ್ತಿ ಇಲ್ಲ. ಬೆಳೆಯೋದೆಲ್ಲ ತುಂಡಿಂದ. ಒಂದು ಗೆಣ್ಣು, ಅದರಲ್ಲೊಂದು ಮೊಗ್ಗು, ಅಷ್ಟು ಸಾಕು. ಅನುಕೂಲ ಎಲ್ಲ ಕೂಡಿ ಬಂದ್ರೆ ಎರಡು ದಿನ ಚಿಲ್ಲರೆಗೆ ಎರಡರಷ್ಟಾಗತ್ತೆ ಅಂತ ಲೆಕ್ಕ ಇದೆ. ಕೆರೇಲಿ ಅಷ್ಟು ಬೇಗ ಆಗಲ್ಲ ಬಿಡಿ, ಎಂಟು ದಿನ ಅಂತಲೇ ಇಟ್ಕೊಳ್ಳೋಣ. ಒಂದು ಚದರ ಅಡಿ ಜಾಗದಲ್ಲಿ ಇರೋದು ಹದಿನಾರು ಸಲ ಎರಡರಷ್ಟಾದ್ರೆ 65,536 ಚದರ ಅಡಿ, ಅಂದ್ರೆ ಒಂದೂವರೆ ಎಕರೆ, ಅಂದ್ರೆ ನಮ್ಮ ಕಡೆಯ ಒಂದು ಒಳ್ಳೇ ಕೆರೆ. ಹದಿನಾರು ಎಂಟ್ಲಿ 128 ದಿನ. ದೀಪಾವಳಿ ಹೊತ್ತಿಗೆ ಮೂಲೇಲಿ ಒಂದು ಬುಟ್ಟಿ ಅಗಲ ಇದ್ದದ್ದು ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಇಡೀ ಕೆರೆ. ಇದರಲ್ಲಿ ಜನ ಮೋಸ ಹೋಗೋದು ಎಲ್ಲಿ ಅಂದ್ರೆ, ಕೊನೇ ವಾರದ ಹಿಂದೆ ಕೆರೆ ಅರ್ಧ ಖಾಲಿ ಇರತ್ತೆ, ಅದಕ್ಕೂ ಹಿಂದಿನ ವಾರ ಮುಕ್ಕಾಲು ಖಾಲಿ. ಯಾರಿಗೂ ಗಾಬರಿ ಆಗಲ್ಲ. ಗಾಬರಿ ಆಗೋ ಹೊತ್ತಿಗೆ ಮುಗಿದಿರತ್ತೆ.

ಆದ್ರೆ ಬರೀ ಬೇಗ ಬೆಳೆಯೋದ್ರಿಂದ ಗೆಲ್ಲತ್ತೆ ಅನ್ನೋದು ಅರ್ಧ ಮಾತು. ನಾನು ಹೇಳ್ಬೇಕು ಅಂದ್ಕೊಂಡಿದ್ದು ಉಳಿದರ್ಧದ ಬಗ್ಗೆ.

ನಮ್ಮ ಕೆರೆಗಳ ಗಿಡಗಳನ್ನ ನೋಡಿ. ಇವೆಲ್ಲ ಬಡ ನೀರಿನ ಗಿಡಗಳು. ಜಂಬಿಟ್ಟಿಗೆ ಮಣ್ಣು, ಜೋರು ಮಳೆ, ಕಾಡಿಂದ ಸೋಸಿ ಬಂದ ತಿಳಿ ನೀರು, ಅದರಲ್ಲಿ ಸಾರ ಕಮ್ಮಿ. ಹಂಗಾಗಿ ಒಂದೊಂದು ಗಿಡವೂ ಒಂದೊಂದು ದಾರಿ ಮಾಡ್ಕೊಂಡಿದೆ. ನೈದಿಲೆ, ಅಂತರತಾವರೆ ಕೆಸರಿಗೆ ಬೇರಿಳಿಸಿ ಅಲ್ಲಿಂದ ತಗೊಳ್ತವೆ. ಹಳದಿ ಹೂವಿನ ಯುಟ್ರಿಕ್ಯುಲೇರಿಯಾ ಅಂತ ಒಂದಿದೆ, ಅದಕ್ಕೂ ಬೇರಿಲ್ಲ, ನೀರೊಳಗೆ ಸಾಸಿವೆ ಗಾತ್ರದ ಚೀಲ ಬಿಟ್ಕೊಂಡು ಸಣ್ಣ ಸಣ್ಣ ಹುಳ ಹೀರ್ಕೊಂಡು ಸಾರಜನಕ ಗಳಿಸತ್ತೆ, ಅಷ್ಟು ಕಷ್ಟಪಟ್ಟು ಬದುಕೋ ಗಿಡ. ನೀರೊಳಗೇ ಇರೋ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಇವೆಲ್ಲ ಎಲೆಯಿಂದಲೂ ನೀರಿನ ಸಾರ ಎಳ್ಕೊಂಡು ನೀರನ್ನ ಇನ್ನೂ ತಿಳಿ ಮಾಡ್ತವೆ. ಈ ವ್ಯಾಲಿಸ್ನೇರಿಯಾ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಹೆಣ್ಣು ಹೂವು ಉದ್ದ ದಾರದಂಥ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಬಂದು ಕಾಯತ್ತೆ. ಗಂಡು ಹೂವು ತಳದಲ್ಲಿ ಗಿಡದಿಂದ ಕಳಚ್ಕೊಂಡು ಗುಳ್ಳೆ ಥರ ಮೇಲೆ ಬಂದು ಅರಳಿ, ಗಾಳಿ ತಳ್ಳಿದ ಕಡೆ ತೇಲ್ತಾ ಹೋಗಿ ಹೆಣ್ಣು ಹೂವಿನ ಪಕ್ಕ ಸೇರತ್ತೆ. ಆಮೇಲೆ ಆ ಉದ್ದ ತೊಟ್ಟು ಸುರುಳಿ ಸುತ್ಕೊಂಡು ಕಾಯಿ ಕಟ್ಟೋಕೆ ಹೂವನ್ನ ಕೆಳಗೆ ಎಳ್ಕೊಳ್ಳತ್ತೆ. ನೀರಿನ ಮೇಲ್ಮೈ ಅಂದ್ರೆ ಈ ಗಿಡಗಳಿಗೆ ಮದುವೆ ಚಪ್ಪರ. ಅಲ್ಲಿ ಗೇಣುದ್ದ ದಪ್ಪಕ್ಕೆ ಸಾಲ್ವೀನಿಯಾ ಕೂತ್ರೆ ಗಂಡು ಎಲ್ಲಿ ತೇಲ್ಬೇಕು, ಹೆಣ್ಣು ಎಲ್ಲಿ ತಲೆ ಎತ್ತಬೇಕು? ಬೆಳಕು ಹೋಗಿ ಸಾಯೋದು ಒಂದು, ಅದಕ್ಕೂ ಮುಂಚೆ ಬೀಜ ಕಟ್ಟೋದೇ ನಿಂತು ಹೋಗತ್ತೆ.

ಬೆಳಕಿನ ಮಾತು ಎಲ್ರಿಗೂ ಗೊತ್ತಾಗತ್ತೆ, ಮೇಲೆ ಮುಚ್ಚಿದ್ರೆ ಕೆಳಗೆ ಕತ್ತಲೆ. ಸಾಲ್ವೀನಿಯಾ ಮೊದಮೊದಲು ಎಲೆ ಚಪ್ಪಟೆಯಾಗಿ ನೀರಿಗೆ ಅಂಟ್ಕೊಂಡಿರತ್ತೆ, ಜಾಗ ಇಕ್ಕಟ್ಟಾದ ಹಾಗೆ ಎಲೆ ದೊಡ್ಡದಾಗಿ, ಮಡಚ್ಕೊಂಡು ನೆಟ್ಟಗೆ ನಿಲ್ಲತ್ತೆ, ಒಂದರ ಮೇಲೊಂದು ಏರಿ ಪದರ ಕಟ್ಟತ್ತೆ. ಒಂದು ಮೀಟರ್ ದಪ್ಪ ಆದದ್ದೂ ದಾಖಲೆ ಇದೆ. ಇನ್ನು ಉಸಿರಿನ ವಿಷಯ. ನೀರೊಳಗಿನ ಗಿಡ ಬಿಡೋ ಆಮ್ಲಜನಕ ನೀರಿಗೇ ಸೇರತ್ತೆ, ತೇಲೋ ಗಿಡದ್ದು ಗಾಳಿಗೆ ಹೋಗತ್ತೆ. ಮೇಲೆ ಗಾಳಿ ಬೀಸಿ ಅಲೆ ಎದ್ದು ನೀರು ಕಲಕೋದೂ ನಿಂತಿರತ್ತೆ. ಕೆಳಗೆ ಸತ್ತದ್ದೆಲ್ಲ ಕೊಳೀತಾ, ಅಲ್ಲಿದ್ದ ಆಮ್ಲಜನಕವನ್ನೂ ತಿಂದು ಹಾಕತ್ತೆ. ಮೇಲೆ ಬಂದು ಗಾಳಿ ಗುಟುಕರಿಸೋ ಜಾತಿ ಮೀನು ಹೆಂಗೋ ಉಳೀತವೆ, ಉಳಿದದ್ದು ಇಲ್ಲ. ಕೊಳೆತ ಮೊಟ್ಟೆ ವಾಸನೆ ಶುರು ಆಗತ್ತೆ. ಕೆಳಗಿನ ಮನೆ ದೊಡ್ಡಪ್ಪ ಹೇಳೋರು, ಮೊದ್ಲು ಈ ಕೆರೆ ನೀರು ಬೊಗಸೇಲಿ ಕುಡೀತಿದ್ವು, ಈಗ ದನ ಕೂಡ ಮೂಸಿ ವಾಪಸ್ ಬತ್ತು ತಮಾ, ಅಂತ.

ಆಮ್ಲಜನಕ ಹೋದ್ಮೇಲೆ ಇನ್ನೊಂದು ಆಗತ್ತೆ, ಅದು ಕಣ್ಣಿಗೆ ಕಾಣಲ್ಲ. ಕೆಸರಲ್ಲಿ ಕಬ್ಬಿಣದ ಜೊತೆ ಗಂಟು ಬಿದ್ದು ಕೂತಿದ್ದ ರಂಜಕ ಬಿಡಿಸ್ಕೊಂಡು ನೀರಿಗೆ ಬರತ್ತೆ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೆ ಕಮ್ಮಿ ಇಲ್ಲ. ಆ ರಂಜಕ ಯಾರಿಗೆ ಗೊಬ್ಬರ? ಮೇಲೆ ತೇಲ್ತಾ ನೀರಿಂದಲೇ ಸಾರ ಎಳೆಯೋ ಸಾಲ್ವೀನಿಯಾಕ್ಕೆ. ಅಂದ್ರೆ ಒಂದ್ಸಲ ಕೆರೆ ಮುಚ್ಚಿತು ಅಂದ್ರೆ ಕೆರೆ ತಳವೇ ಅದಕ್ಕೆ ಊಟ ಬಡಿಸೋಕೆ ಶುರು ಮಾಡತ್ತೆ. ನೆದರ್‌ಲ್ಯಾಂಡ್ಸ್‌ನ ಮಾರ್ಟೆನ್ ಶೆಫರ್ ಮತ್ತೆ ಅವರ ಜೊತೆಯವರು 2003ರಲ್ಲಿ ಇದನ್ನ ಲೆಕ್ಕ ಹಾಕಿ ತೋರಿಸಿದ್ರು. ಒಂದೇ ಕೆರೆ ಎರಡು ಥರ ಇರಬಲ್ಲದು, ತಿಳಿ ನೀರು ಒಳಗೆ ಗಿಡ, ಇಲ್ಲಾ ಮೇಲೆ ತೇಲೋ ಕಳೆ ಕೆಳಗೆ ಕತ್ತಲೆ, ಎರಡೂ ತನ್ನನ್ನ ತಾನೇ ಕಾಪಾಡ್ಕೊಳ್ಳೋ ಸ್ಥಿತಿ. ಒಳಗಿನ ಗಿಡ ಚೆನ್ನಾಗಿದ್ರೆ ನೀರಲ್ಲಿ ಸಾರ ಉಳಿಸಲ್ಲ, ತೇಲೋ ಗಿಡಕ್ಕೆ ಉಪವಾಸ. ನೀರಿಗೆ ಸಾರ ಜಾಸ್ತಿ ಆದ ಹಾಗೆ ಕೆರೆ ಆ ಕಡೆ ವಾಲ್ತಾ ವಾಲ್ತಾ ಒಂದಿನ ಬಿದ್ದು ಬಿಡತ್ತೆ, ಬಿದ್ಮೇಲೆ ತಾನಾಗಿ ಏಳಲ್ಲ. ನಮ್ಮೂರ ಕೆರೆಗೆ ಆದದ್ದು ಅಕ್ಷರಶಃ ಇದೇ ಅಂತ ನನ್ನ ನಂಬಿಕೆ.

ಸಾರ ಎಲ್ಲಿಂದ ಬಂತು ಅಂತ ಹುಡುಕೋಕೆ ದೂರ ಹೋಗ್ಬೇಕಾಗಿಲ್ಲ. ಕೆರೆ ಮೇಲ್ಗಡೆ ಗದ್ದೆ, ಅಲ್ಲಿ ಯೂರಿಯಾ. ಕೊಟ್ಟಿಗೆ ತೊಳೆದ ನೀರು, ಬಟ್ಟೆ ತೊಳೆದ ಸೋಪಿನ ನೀರು. ಇವೆಲ್ಲ ಎಲ್ಲರೂ ಹೇಳೋದೇ. ನಂಗೆ ಅದಕ್ಕಿಂತ ದೊಡ್ಡದು ಅನ್ಸೋದು ಹೂಳು. ಹಿಂದೆ ಬೇಸಿಗೇಲಿ ಕೆರೆ ಇಳಿದಾಗ ಊರವರೇ ಸೇರಿ ಹೂಳು ಹೊತ್ತು ತೋಟಕ್ಕೆ ಹಾಕೋರು, ಅಡಿಕೆ ಬುಡಕ್ಕೆ ಹೊಸ ಮಣ್ಣು ಕೊಡೋದು ಅಂದ್ರೆ ಅದೇ. ಆಯಿ ಹೇಳೋ ಪ್ರಕಾರ ಒಂದು ಮನೆಯಿಂದ ಒಂದು ಆಳು ಬರಲೇಬೇಕಿತ್ತು. ತೋಟಕ್ಕೆ ಗೊಬ್ಬರ ಆಯ್ತು ಅಂತ ನಾವು ಅದನ್ನ ನೋಡ್ತಿದ್ವಿ, ಕೆರೆ ಕಡೆಯಿಂದ ನೋಡಿದ್ರೆ ವರ್ಷಾ ವರ್ಷಾ ಸೇರಿದ ಸಾರಜನಕ ರಂಜಕ ಎಲ್ಲ ಹೊರಗೆ ಹೋಗ್ತಿತ್ತು, ಕೆರೆ ಮತ್ತೆ ಬಡ ಆಗ್ತಿತ್ತು, ಬಡ ಇದ್ದಷ್ಟು ದಿನ ನೈದಿಲೆಗೆ ಜಾಗ ಇತ್ತು. ಆಳು ಸಿಗೋದು ಕಷ್ಟ ಆಯ್ತು, ಚೀಲದ ಗೊಬ್ಬರ ಬಂತು, ಬೋರ್‌ವೆಲ್ ಬಂತು, ಹೂಳು ಎತ್ತೋದು ನಿಂತ್ತು. ಶಿರಸೀಲಿ ಜೀವಜಲ ಕಾರ್ಯಪಡೆಯವರು ಹಳೇ ಕೆರೆಗಳ ಹೂಳು ತೆಗೆಸೋ ಕೆಲಸ ಹಿಡಿದಾಗ ಜನ ಅದನ್ನ ನೀರಿನ ಕೆಲಸ ಅಂತ ನೋಡಿದ್ರು, ಸರಿನೇ, ಆದ್ರೆ ಅದು ಕಳೆಯ ಊಟ ಕಿತ್ಕೊಳ್ಳೋ ಕೆಲಸನೂ ಹೌದು ಅಂತ ಯಾರಾದ್ರೂ ಹೇಳ್ಬೇಕು.

ಘಟ್ಟದ ಕೆಳಗೆ ಈ ಕಥೆ ಸ್ವಲ್ಪ ಬೇರೆ. ಅತ್ತಿಗೆ ತವರು ಅಂಕೋಲಾ ಕಡೆ, ಅಲ್ಲಿ ಹೋದಾಗೆಲ್ಲ ನಂಗೆ ಹೊಳೆ ನೋಡೋದೇ ಕೆಲಸ. ಕಾಳಿ, ಗಂಗಾವಳಿ, ಅಘನಾಶಿನಿ, ಇವೆಲ್ಲ ಗಿಡ್ಡ ಹೊಳೆಗಳು, ಮಳೆಗಾಲದಲ್ಲಿ ಘಟ್ಟದಿಂದ ನುಗ್ಗಿ ಬರೋ ರಭಸಕ್ಕೆ ಬೇರಿಲ್ಲದ ಗಿಡ ನಿಲ್ಲಲ್ಲ, ಮಳೆ ಮುಗಿದ್ಮೇಲೆ ಭರತದ ಉಪ್ಪು ನೀರು ಕಿಲೋಮೀಟರ್‌ಗಟ್ಟಲೆ ಒಳಗೆ ಏರತ್ತೆ. ಉಪ್ಪು ಇವಕ್ಕೆ ಆಗಲ್ಲ, ಸಾಲ್ವೀನಿಯಾ ಆಗ್ಲಿ ಅಂತರಗಂಗೆ ಆಗ್ಲಿ ಸಮುದ್ರದ ನೀರಲ್ಲಿ ಸಾಯತ್ತೆ. ಅಘನಾಶಿನಿ ಗಜನಿಗಳಲ್ಲಿ, ಅಂದ್ರೆ ಭರತದ ನೀರು ಬರೋ ತಗ್ಗು ಗದ್ದೆಗಳಲ್ಲಿ, ಮಳೆಗಾಲಕ್ಕೆ ಕಗ್ಗ ಭತ್ತ, ಬೇಸಿಗೆಗೆ ಉಪ್ಪು ನೀರು ಮೀನು ಸಿಗಡಿ ಅಂತ ಹಳೇ ಪದ್ಧತಿ ಇದ್ಯಲ್ಲ, ಆ ಉಪ್ಪೇ ಅಲ್ಲಿ ವರ್ಷಕ್ಕೊಂದ್ಸಲ ಕಳೆ ತೆಗೆಯೋ ಕೂಲಿ. ಹಂಗಾಗಿ ಕರಾವಳೀಲಿ ಭಯ ಇರೋದು ಹರಿಯೋ ಹೊಳೇಲಿ ಅಲ್ಲ, ನಿಂತ ಸಿಹಿ ನೀರಲ್ಲಿ, ದೇವಸ್ಥಾನದ ಕೆರೆ, ಚಿರೇಕಲ್ಲು ತೆಗೆದ ಹೊಂಡ, ಬಾಗಾಯ್ತದ ಬಾವಿ, ಹೆದ್ದಾರಿ ಬದಿ ನೀರು ನಿಲ್ಲೋ ತಗ್ಗು. ಕಾರವಾರ ಕುಮಟಾ ಕಡೆಯವರು ಅಲ್ಲಿ ಕಣ್ಣಿಡ್ಬೇಕು.

ಈ ಗಿಡ ದಕ್ಷಿಣ ಅಮೆರಿಕದಿಂದ ಹೊರಗೆ ಬಂದ ದಾರಿ ನೋಡಿದ್ರೆ ಬೇಜಾರಾಗತ್ತೆ. ನಮ್ಮ ಪಕ್ಕದ ಶ್ರೀಲಂಕಾದಲ್ಲೇ, 1939ರಲ್ಲಿ ಕೊಲಂಬೋದಲ್ಲಿ ಸಸ್ಯಶಾಸ್ತ್ರ ಪಾಠಕ್ಕೆ ಅಂತ ತಂದದ್ದು ಹೊರಬಿತ್ತು. ಜಾಂಬೇಜಿ ನದಿಗೆ ಕಟ್ಟಿದ ಕರೀಬಾ ಅಣೆಕಟ್ಟಲ್ಲಿ ನೀರು ನಿಲ್ಲೋಕೆ ಶುರು ಆಗಿದ್ದು 1958ರ ಕೊನೆಗೆ, ಮಾರನೇ ವರ್ಷವೇ ಕಳೆ ಕಾಣಿಸ್ತು, 1962ಕ್ಕೆ ಸುಮಾರು ಸಾವಿರ ಚದರ ಕಿಲೋಮೀಟರ್. ಹೊಸದಾಗಿ ಮುಳುಗಿದ ಕಾಡು ಕೊಳೆತು ಸಾರ ಬಿಟ್ಟಿದ್ದು ಅದಕ್ಕೆ ಹಬ್ಬ ಆಯ್ತು. ಪಪುವಾ ನ್ಯೂಗಿನಿಯ ಸೆಪಿಕ್ ನದಿ ಬಯಲಿಗೆ 1970ರ ದಶಕದ ಶುರೂಲಿ ಬಂದ ಒಂದಿಷ್ಟು ಗಿಡ ಹತ್ತು ವರ್ಷದೊಳಗೆ 250 ಚದರ ಕಿಲೋಮೀಟರ್ ಆಗಿ, ದೋಣಿ ಬಿಟ್ರೆ ದಾರಿ ಇಲ್ಲದ ಜನ ಮೀನಿಗೂ ಹೋಗೋಕಾಗದೆ ಶಾಲೆ ಆಸ್ಪತ್ರೆಗೂ ಹೋಗೋಕಾಗದೆ ಕೆಲವು ಕಡೆ ಊರೇ ಬಿಟ್ಟು ಎದ್ದು ಹೋದ್ರು.

ಹಂಗಂತ ಆ ಗಿಡ ದುಷ್ಟ ಅಂತ ನಾನು ಹೇಳಲ್ಲ. ನಮ್ಮ ಹೈಡ್ರಿಲ್ಲಾ ಇಲ್ಲಿ ಕೆರೇಲಿ ತನ್ನ ಪಾಡಿಗೆ ತಾನಿರೋ ಗಿಡ, ಅದನ್ನೇ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದವರು ಫ್ಲೋರಿಡಾಕ್ಕೆ ತಗೊಂಡು ಹೋಗಿ, ಅಲ್ಲಿ ಅದು ಸರೋವರಗಳನ್ನೇ ತುಂಬಿ ಕೂತಿದೆ. ಅದನ್ನ ತಡೆಯೋಕೆ ನಮ್ಮ ಭಾರತ ಪಾಕಿಸ್ತಾನ ಕಡೆಯ ಒಂದು ಎಲೆ ಕೊರಕ ನೊಣವನ್ನ 1987ರಲ್ಲಿ ಅಲ್ಲಿ ಬಿಟ್ರು. ತವರಲ್ಲಿ ಪ್ರತಿ ಗಿಡಕ್ಕೂ ತಿನ್ನೋರು ಕಾಡೋರು ಇರ್ತಾರೆ, ಅವರನ್ನ ಬಿಟ್ಟು ಗಿಡ ಒಂದೇ ಪರದೇಶಕ್ಕೆ ಹೋದಾಗ ಲೆಕ್ಕ ತಪ್ಪತ್ತೆ. ನಮ್ಮ ನೈದಿಲೆ ಎಲೇಲಿ ತೂತು ಮಾಡೋ ಹುಳ ಎಷ್ಟು ಅಂತ ಒಂದ್ಸಲ ಹತ್ರ ಹೋಗಿ ನೋಡಿ, ಆಮೇಲೆ ನಮ್ಮ ಕೆರೆ ಸಾಲ್ವೀನಿಯಾ ಎಲೆ ನೋಡಿ, ಒಂದು ಕಚ್ಚಿದ ಗುರುತು ಸಿಗಲ್ಲ.

ಸಾಲ್ವೀನಿಯಾಕ್ಕೆ ಹುಳ ಹುಡುಕಿದ್ದು ದೊಡ್ಡ ಕಥೆ. ಬಹಳ ಕಾಲ ವಿಜ್ಞಾನಿಗಳೇ ಇದನ್ನ ಬೇರೆ ಜಾತಿ ಅಂದ್ಕೊಂಡಿದ್ರು, ಸಾಲ್ವೀನಿಯಾ ಆರಿಕ್ಯುಲೇಟಾ ಅಂತ, ಹಂಗಾಗಿ ಆ ಜಾತಿ ಮೇಲಿದ್ದ ಕೀಟ ತಂದು ಬಿಟ್ರೂ ನಾಟಲಿಲ್ಲ. 1972ರಲ್ಲಿ ಮಿಚೆಲ್ ಅನ್ನೋರು ಇದು ಬೇರೆಯೇ ಜಾತಿ ಅಂತ ಹೆಸರಿಟ್ರು, 1978ರಲ್ಲಿ ಆಸ್ಟ್ರೇಲಿಯಾದವರಿಗೆ ಬ್ರೆಜಿಲ್‌ನಲ್ಲಿ ಅದರ ನಿಜವಾದ ತವರು ಸಿಕ್ತು, ಅಲ್ಲಿ ಆ ಗಿಡದ ಮೇಲೇ ಬದುಕೋ ಎರಡು ಮಿಲಿಮೀಟರ್ ಗಾತ್ರದ ಒಂದು ಕಪ್ಪು ಮೂತಿ ಹುಳನೂ ಸಿಕ್ತು. ಸೈರ್ಟೋಬೇಗಸ್ ಸಾಲ್ವೀನಿಯೇ. ದೊಡ್ಡ ಹುಳ ಮೊಗ್ಗು ತಿನ್ನತ್ತೆ, ಮರಿ ಹುಳ ಕಾಂಡದೊಳಗೆ ಕೊರೆಯತ್ತೆ, ಮೊಗ್ಗೇ ಹೋದ್ರೆ ಈ ಗಿಡದ ಆಟ ಎಲ್ಲಾ ಮುಗೀತು. ಬೇರೆ ಗಿಡ ಮುಟ್ಟಲ್ಲ. 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಸರೋವರದಲ್ಲಿ ಬಿಟ್ರು, ಮುಂದಿನ ವರ್ಷ ಮುಗಿಯೋದ್ರೊಳಗೆ ಸಾವಿರಾರು ಟನ್ ಕಳೆ ಮುಳುಗಿ ಹೋಯ್ತು. ಸೆಪಿಕ್‌ನಲ್ಲಿ ಶುರೂಲಿ ಹುಳ ನೆಲೆ ನಿಲ್ಲಲಿಲ್ಲ, ಯಾಕಂದ್ರೆ ಅಲ್ಲಿ ಗಿಡದಲ್ಲಿ ಸಾರಜನಕ ತೀರಾ ಕಮ್ಮಿ, ಹುಳಕ್ಕೆ ಪೌಷ್ಟಿಕ ಸಾಲಲ್ಲ. ಆಗ ಅವರು ಮಾಡಿದ್ದು ಏನು ಗೊತ್ತಾ, ಕಳೆಗೆ ಯೂರಿಯಾ ಹಾಕಿದ್ರು! ಕಳೆ ಕೊಬ್ಬಿತು, ಹುಳ ಹೆಚ್ಚಿತು, ಹೆಚ್ಚಿದ ಹುಳ ತಿಂದ ಜಾಗದಲ್ಲಿ ಗಿಡದಲ್ಲಿ ಸಾರ ತಾನೇ ಏರ್ತಾ ಹೋಯ್ತು. ಕೆಲವೇ ವರ್ಷದಲ್ಲಿ 250 ಚದರ ಕಿಲೋಮೀಟರ್ ಹೋಗಿ ಎರಡಕ್ಕೆ ಇಳೀತು. ಆ ಆಸ್ಟ್ರೇಲಿಯಾ ತಂಡಕ್ಕೆ 1985ರಲ್ಲಿ ಯುನೆಸ್ಕೋ ವಿಜ್ಞಾನ ಪ್ರಶಸ್ತಿ ಬಂತು.

ಇನ್ನು ನಮ್ಮದೇ ರಾಜ್ಯದ ಸುದ್ದಿ, ಇದನ್ನ ಓದಿದಾಗ ನಂಗೆ ಆದ ಖುಷಿ ಹೇಳೋಕಾಗಲ್ಲ. ಆಸ್ಟ್ರೇಲಿಯಾದಿಂದ ತಂದ ಆ ಹುಳವನ್ನ 1983-84ರಲ್ಲಿ ಬೆಂಗಳೂರಲ್ಲಿ ಬಿಟ್ಟಿದ್ದು ಒಂದು ನೈದಿಲೆ ಕೊಳಕ್ಕೆ. ಹನ್ನೊಂದು ತಿಂಗಳೊಳಗೆ ಸಾಲ್ವೀನಿಯಾ ಕುಸಿದು ಬಿತ್ತು, ಅದರ ಕೆಳಗೆ ಅದುಮಿ ಹೋಗಿದ್ದ ನೈದಿಲೆ ಮತ್ತೆ ಎದ್ದು ಬಂತು. ಯಾರೂ ಹೊಸದಾಗಿ ನೆಟ್ಟಿದ್ದಲ್ಲ, ಕೆಸರಲ್ಲಿ ಗೆಡ್ಡೆ ಉಸಿರು ಹಿಡ್ಕೊಂಡು ಕೂತಿತ್ತು. ಕೇರಳದಲ್ಲೂ ಅದೇ ಹುಳ ಬಿಟ್ಟು ಮೂರು ವರ್ಷದಲ್ಲಿ ಕಳೆ ಕಟ್ಟಿ ಬಿಟ್ಟು ಹೋಗಿದ್ದ ಕಾಲುವೆಗಳಲ್ಲಿ ಮತ್ತೆ ದೋಣಿ ಓಡಿದ್ವು, ಭತ್ತದ ಗದ್ದೇಲಿ ಕೈಯಿಂದ ಕಳೆ ತೆಗೆಸೋಕೆ ಆಗಿನ ಕಾಲಕ್ಕೆ ಹೆಕ್ಟೇರಿಗೆ 235 ರೂಪಾಯಿ ಬೀಳ್ತಿದ್ದದ್ದು ಉಳೀತು.

ಈಗ ನಮ್ಮೂರಿಗೆ ಬರೋಣ. ಎರಡು ಮಳೆಗಾಲದ ಹಿಂದೆ ಕೆರೆ ಸ್ವಚ್ಛ ಮಾಡ್ತೇವೆ ಅಂತ ಜೆಸಿಬಿ ಬಂತು. ಕೆಲಸ ಹಿಡಿದವರು ಮೇ ಕೊನೇಲಿ ಶುರು ಮಾಡಿ, ಬಾಚಿದ ಕಳೇನೆಲ್ಲ ಕೆರೆ ಮೇಲ್ಗಡೆ ಏರಿಗೆ ಒಟ್ಟಿ ಬಿಲ್ ಮಾಡ್ಕೊಂಡು ಹೋದ್ರು. ಮೊದಲ ಜೋರು ಮಳೆಗೆ ಅರ್ಧ ರಾಶಿ ಜಾರಿ ಕೆರೆಗೇ ಬಂತು, ಉಳಿದರ್ಧ ಕೊಳೆತು ಅದರ ಕಪ್ಪು ರಸ ಹರಿದು ಕೆರೆ ಸೇರ್ತು. ಕಳೆಗೆ ತುಂಡೂ ಸಿಕ್ತು, ಗೊಬ್ಬರನೂ ಸಿಕ್ತು. ಜೆಸಿಬಿ ಬಕೆಟ್ಟು ದಂಡೆ ಕೆರೆದ ಕಡೆ ಉಳಿದಿದ್ದ ನೈದಿಲೆ ಗೆಡ್ಡೆನೂ ಕಿತ್ತು ಬಂದಿತ್ತು, ಅದನ್ನ ನೋಡಿ ನಂಗೆ ಅಳು ಬಂತು. ಚೌತಿ ಹೊತ್ತಿಗೆ ಕೆರೆ ಮತ್ತೆ ಪೂರ್ತಿ ಹಸಿರು.

ಕಳೆ ಊರಿಂದೂರಿಗೆ ಹೋಗೋ ದಾರಿ ಬಗ್ಗೆನೂ ಒಂದು ಮಾತು. ಅಕ್ವೇರಿಯಂ ಅಂಗಡೀಲಿ, ಆನ್‌ಲೈನಲ್ಲಿ ಚೆಂದ ಕಾಣತ್ತೆ ಅಂತ ತೇಲೋ ಗಿಡ ಮಾರ್ತಾರೆ, ತೊಟ್ಟಿ ತೊಳೆದಾಗ ಅದು ಚರಂಡಿ ಸೇರತ್ತೆ. ಇದು ಪೇಟೆ ದಾರಿ. ನಮ್ಮ ಕಡೆ ಇನ್ನೊಂದು ಇದೆ, ಕೆರೆಬೇಟೆ. ಬೇಸಿಗೇಲಿ ಕೆರೆ ಇಳಿದಾಗ ಹತ್ತೂರಿನ ಜನ ಕೂಣಿ, ಅಂದ್ರೆ ಮೀನು ಹಿಡಿಯೋ ಕಡ್ಡಿ ಬುಟ್ಟಿ, ತಗೊಂಡು ಒಟ್ಟಿಗೆ ಕೆರೆಗೆ ಇಳಿಯೋ ಸಂಭ್ರಮ ನಿಲ್ಲಿಸ್ಬೇಕು ಅಂತ ನಾನು ಹೇಳಲ್ಲ, ಸಿದ್ದಾಪುರ ಸೊರಬ ಕಡೆಯಿಂದೆಲ್ಲ ಜನ ಬರ್ತಾರೆ, ಮಲೆನಾಡಿನ ದೊಡ್ಡ ಹಬ್ಬ ಅದು. ಆದ್ರೆ ಇವತ್ತು ಈ ಕೆರೆ, ನಾಳೆ ಆ ಕೆರೆ, ಕೂಣಿ ಕಡ್ಡಿ ಸಂದೀಲಿ ಸಿಕ್ಕಿದ ಒಂದು ಗೆಣ್ಣು ಸಾಕು ಅಂತ ಮೇಲೆ ಹೇಳಿದ್ನಲ್ಲ. ಕೂಣಿ, ಬಲೆ, ಬುಟ್ಟಿ ಎಲ್ಲ ದಂಡೇಲೇ ಕೊಡವಿ, ಎರಡು ದಿನ ಕಡು ಬಿಸಿಲಲ್ಲಿ ಒಣಗಿಸಿ ಮುಂದಿನ ಕೆರೆಗೆ ಇಳಿದ್ರೆ ಸಾಕು, ಒಣಗಿದ್ರೆ ಅದು ಸಾಯತ್ತೆ. ಟ್ರ್ಯಾಕ್ಟರ್ ಟ್ರಾಲಿ, ಜೆಸಿಬಿ ಬಕೆಟ್ಟಿಗೂ ಇದೇ ಮಾತು.

ಈ ವರ್ಷ ನಾವು ಕೆಲವರು ಸೇರಿ ಮಾಡ್ತಿರೋದು ಹೀಗೆ. ಕೆರೆ ತೀರಾ ಇಳಿಯೋ ಏಪ್ರಿಲ್‌ನಲ್ಲೇ ಶುರು, ಕೈಯಿಂದ ಮತ್ತೆ ಬಿದಿರಿನ ಉದ್ದ ಹಲ್ಲಿನ ಕುಂಟೆಯಿಂದ, ಮಧ್ಯದಿಂದ ದಂಡೆಗೆ ಎಳೀತಾ ಬರೋದು. ತೆಗೆದದ್ದು ಕೆರೆ ಏರಿಯ ಹೊರಗೆ, ಇಳಿಜಾರಿನ ಕೆಳಗಿನ ಕಡೆ, ತೆಳ್ಳಗೆ ಹರಡಿ ಒಣಗಿಸೋದು, ಗಿಡದಲ್ಲಿ ಬಹುಪಾಲು ನೀರೇ ಆದ್ರಿಂದ ಬಿಸಿಲಿಗೆ ರಾಶಿ ಕುಗ್ಗಿ ಏನೂ ಉಳಿಯಲ್ಲ, ಪೂರ್ತಿ ಒಣಗಿದ್ಮೇಲೆ ಗೊಬ್ಬರಗುಂಡಿಗೆ. ಹಸಿ ಕಳೆ ತೋಟಕ್ಕೆ ಬೇಡವೇ ಬೇಡ, ತೋಟದ ಕಾದಿಗೆಯಿಂದ, ಅಂದ್ರೆ ನೀರು ಬಸಿಯೋ ಕಾಲುವೆಯಿಂದ, ವಾಪಸ್ ಹೊರಡತ್ತೆ. ಹೂಳು ಎರಡು ಭಾಗ ಮಾಡಿ ತೆಗೆಯೋದು, ಈ ವರ್ಷ ಅರ್ಧ ಕೆರೆ, ಮುಂದಿನ ವರ್ಷ ಉಳಿದರ್ಧ, ಯಾಕಂದ್ರೆ ಹೂಳಿನ ಜೊತೆಗೇ ನೈದಿಲೆ ಗೆಡ್ಡೆ, ವ್ಯಾಲಿಸ್ನೇರಿಯಾ ಬೀಜ ಎಲ್ಲಾ ಹೋಗ್ಬಿಡಬಾರದು. ಕೋಡಿ ಹತ್ರ ಅಡಿಕೆ ದಬ್ಬೆ ಹಗ್ಗ ಕಟ್ಟಿ ಒಂದು ಮೂಲೆ ಬೇಲಿ ಮಾಡಿದ್ದೇವೆ, ಅದರೊಳಗೆ ಪ್ರತಿ ವಾರ ಒಂದೊಂದು ಚೂರೂ ಆರಿಸಿ ತೆಗೀತಾ ನೈದಿಲೆಗೆ ಜಾಗ ಬಿಡೋದು. ಅಂತರಗಂಗೆ ಆಗಿದ್ರೆ ಇಷ್ಟು ಧೈರ್ಯ ಇರ್ತಿರ್ಲಿಲ್ಲ, ಅದರ ಬೀಜ ಕೆಸರಲ್ಲಿ ಇಪ್ಪತ್ತು ವರ್ಷ ಕೂಡ ಜೀವ ಹಿಡ್ಕೊಂಡಿರತ್ತೆ. ಸಾಲ್ವೀನಿಯಾಕ್ಕೆ ಬೀಜ ಇಲ್ಲ, ಕೊನೇ ತುಂಡು ತೆಗೆದ ದಿನ ಅದು ಆ ಕೆರೆಯಿಂದ ನಿಜವಾಗ್ಲೂ ಹೋಯ್ತು ಅಂತ ಅರ್ಥ. ಕಳೆನಾಶಕ ಹೊಡೆಯೋಣ ಅಂತ ಒಬ್ರು ಸಲಹೆ ಕೊಟ್ರು, ಬೇಡ ಅಂದ್ವಿ, ದನ ಕುಡಿಯೋ ನೀರು, ಮೇಲಾಗಿ ಒಮ್ಮೆಲೇ ಸತ್ತ ರಾಶಿ ಕೆಳಗೆ ಮುಳುಗಿ ಕೊಳೆತ್ರೆ ಉಳಿದ ಮೀನೂ ಹೋಗತ್ತೆ.

ಆದ್ರೆ ಸಂದುಗೊಂದಲ್ಲಿ, ದಂಡೆಯ ಮುಂಡಿಗೆ ಗಿಡದ ಬುಡದಲ್ಲಿ ಕೈಗೆ ಸಿಗದೆ ಉಳಿಯೋದು ಇದ್ದೇ ಇರತ್ತೆ, ಅದಕ್ಕೆ ಆ ಹುಳವೇ ಬೇಕು. ಶಿರಸಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸ್ಬೇಕು ಅಂತ ಇದ್ದೇವೆ. ಅಷ್ಟರಲ್ಲಿ ನಿಮ್ಮಲ್ಲಿ ಯಾರಾದ್ರೂ ಸಾಲ್ವೀನಿಯಾ ತುಂಬಿದ ಕೆರೆ ನೋಡಿದ್ರೆ ಸ್ವಲ್ಪ ಹತ್ರ ಹೋಗಿ ನೋಡಿ. ಹಸಿರಿನ ಮಧ್ಯೆ ಅಲ್ಲಲ್ಲಿ ತೇಪೆ ತೇಪೆಯಾಗಿ ಕಂದು ಬಣ್ಣಕ್ಕೆ ತಿರುಗಿದೆಯಾ, ಎಳೆ ಮೊಗ್ಗು ಕಪ್ಪಾಗಿ ಉದುರಿದೆಯಾ, ಎಲೇಲಿ ಸಣ್ಣ ತೂತು ಇದ್ಯಾ, ಕಾಂಡ ಮುರಿದ್ರೆ ಒಳಗೆ ಬಿಳಿ ಮರಿ ಹುಳ ಸಿಗತ್ತಾ. ಹಾಗಿದ್ರೆ ಅದನ್ನ ರೋಗ ಬಂದ ಗಿಡ ಅಂತ ಬಾಚಿ ಎಸೀಬೇಡಿ, ಔಷಧಿನೂ ಹೊಡೀಬೇಡಿ, ಕೃಷಿ ವಿಜ್ಞಾನ ಕೇಂದ್ರದವರಿಗೂ ತಿಳಿಸಿ, ನಮಗೂ ಒಂದು ಮಾತು ಹೇಳಿ. ಅವರು ನೋಡಿ ಸರಿ ಅಂದ್ರೆ ಒಂದು ಬುಟ್ಟಿ ತಗೊಂಡು ಹೋಗೋಕೆ ನಾವೇ ಬರ್ತೇವೆ.